ಬಿಸಿಲ ನಾಡಿನಲ್ಲಿ ಮನೆಯ ಕ್ರೀಮು ಕೆಡದಿರಲು

(ಮನೆಯಲ್ಲೇ ಚರ್ಮದ ಆರೈಕೆಯ ಕ್ರೀಮುಗಳನ್ನು ತಯಾರಿಸುವವರಿಗಾಗಿ ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮನೆಯಲ್ಲಿ ಕ್ರೀಮು ಮಾಡುವವರ ಕೈಗೆ ಸಿಗುವ ಸೂತ್ರಗಳಲ್ಲಿ ಹೆಚ್ಚಿನವು ತಂಪು ಪ್ರದೇಶಗಳಲ್ಲಿ ರೂಪುಗೊಂಡವು. ಅವುಗಳ ಕೊನೆಯಲ್ಲಿ ‘ಕೋಣೆಯ ಉಷ್ಣತೆಯಲ್ಲಿ ಇಡಿ’ ಎಂದು ಬರೆದಿದ್ದರೆ, ಬರೆದವರ ಮನಸ್ಸಿನಲ್ಲಿದ್ದುದು 20ರಿಂದ 25 ಡಿಗ್ರಿ ಸೆಲ್ಸಿಯಸ್. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಕಲಬುರಗಿ, ರಾಯಚೂರು, ಬಳ್ಳಾರಿಯ ಕಡೆ ಹೊರಗಿನ ತಾಪ 40 ಡಿಗ್ರಿ ದಾಟುವುದು ಮಾಮೂಲು. ತಗಡಿನ ಮಾಡಿನ ಕೆಳಗೆ, ಅಟ್ಟದ ಮೇಲೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಅದು ಇನ್ನೂ ಏರುತ್ತದೆ. ಆದ್ದರಿಂದ ಆ ಸೂತ್ರಗಳನ್ನು ಹಾಗೆಯೇ ಅನುಸರಿಸಿದವರ ಕ್ರೀಮು ಇಲ್ಲಿ ಒಡೆದರೆ ಅದು ಅವರ ಕೈಗುಣದ ದೋಷವಲ್ಲ. ಆ ಸೂತ್ರವು ಈ ಹವೆಗೆಂದು ಹುಟ್ಟಿದ್ದೇ ಅಲ್ಲ.

ಸೆಕೆಯಿಂದ ಕ್ರೀಮು ‘ಕೆಟ್ಟಿತು’ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಆ ಮಾತಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಕೆಡುಕುಗಳಿವೆ: ಎಣ್ಣೆ ಮತ್ತು ನೀರು ಬೇರೆಯಾಗುವುದು, ಎಣ್ಣೆ ಕಮಟಾಗುವುದು, ಮತ್ತು ಸೂಕ್ಷ್ಮಜೀವಿಗಳು ಬೆಳೆಯುವುದು. ಮೂರಕ್ಕೂ ಮದ್ದು ಬೇರೆ ಬೇರೆ. ಮೊದಲನೆಯದು ಕಣ್ಣಿಗೆ ಕಾಣುತ್ತದೆ, ಎರಡನೆಯದು ಮೂಗಿಗೆ ತಿಳಿಯುತ್ತದೆ, ಮೂರನೆಯದು ಬಹಳ ಸಲ ಯಾವ ಇಂದ್ರಿಯಕ್ಕೂ ಸಿಗುವುದಿಲ್ಲ. ಅಪಾಯ ಹೆಚ್ಚಿರುವುದು ಆ ಮೂರನೆಯದರಲ್ಲೇ. ಒಡೆದ ಕ್ರೀಮನ್ನು ಎಲ್ಲರೂ ಎಸೆಯುತ್ತಾರೆ. ಬ್ಯಾಕ್ಟೀರಿಯಾ ತುಂಬಿದ, ನೋಡಲು ನುಣುಪಾಗಿರುವ ಕ್ರೀಮನ್ನು ಮಾತ್ರ ಯಾವ ಅನುಮಾನವೂ ಇಲ್ಲದೆ ಮುಖಕ್ಕೆ ಹಚ್ಚಿಕೊಳ್ಳುತ್ತಾರೆ. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇಷ್ಟು: ಈ ಮೂರು ಕೆಡುಕುಗಳನ್ನು ತಡೆಯುವ ಕೆಲಸ ಡಬ್ಬಿಯನ್ನು ಎಲ್ಲಿಡಬೇಕು ಎಂಬಲ್ಲಿ ಶುರುವಾಗುವುದಿಲ್ಲ, ಸಾಮಗ್ರಿಗಳನ್ನು ಆರಿಸುವ ಹೊತ್ತಿನಲ್ಲೇ ಅದರ ಬಹುಪಾಲು ಮುಗಿದಿರಬೇಕು.

ಮೊದಲು ಒಡೆಯುವ ವಿಷಯವನ್ನು ನೋಡೋಣ. ಕ್ರೀಮು ಎಂದರೆ ಸಾಮಾನ್ಯವಾಗಿ ನೀರಿನಲ್ಲಿ ಹರಡಿ ನಿಂತಿರುವ ಎಣ್ಣೆಯ ಅತಿ ಸಣ್ಣ ಹನಿಗಳ ಮಿಶ್ರಣ. ನೀರಿಗಿಂತ ಹಗುರವಾದ ಎಣ್ಣೆಯ ಹನಿ ಸದಾ ಮೇಲೇರಲು ನೋಡುತ್ತದೆ. ಆ ಏರಿಕೆಯ ವೇಗಕ್ಕೆ 19ನೆಯ ಶತಮಾನದ ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಕೊಟ್ಟ ಸೂತ್ರದಲ್ಲಿ ನಮಗೆ ಬೇಕಾದ ಎರಡು ಸಂಗತಿಗಳಿವೆ. ಹನಿಯ ಅಳತೆ ಎರಡು ಪಟ್ಟಾದರೆ ಏರುವ ವೇಗ ನಾಲ್ಕು ಪಟ್ಟಾಗುತ್ತದೆ. ಸುತ್ತಲಿನ ದ್ರವ ಗಟ್ಟಿಯಾದಷ್ಟೂ ವೇಗ ತಗ್ಗುತ್ತದೆ. ಸೆಕೆ ಈ ಎರಡರ ಮೇಲೂ ಕೈಯಿಡುತ್ತದೆ. ಅದು ಸುತ್ತಲಿನ ದ್ರವವನ್ನು ತೆಳುವಾಗಿಸುತ್ತದೆ. ಹನಿಗಳು ಹೆಚ್ಚು ಚುರುಕಾಗಿ ಓಡಾಡಿ, ಒಂದಕ್ಕೊಂದು ಡಿಕ್ಕಿ ಹೊಡೆದು, ಕೂಡಿ ದೊಡ್ಡವಾಗುವಂತೆಯೂ ಮಾಡುತ್ತದೆ. ಹಾಲಿನ ಮೇಲೆ ಕೆನೆ ಕಟ್ಟಿದಂತೆ ಹನಿಗಳು ಮೇಲೆ ಸೇರಿಕೊಂಡ ಹಂತದಲ್ಲಿ ಚೆನ್ನಾಗಿ ಕಲಕಿದರೆ ಕ್ರೀಮು ಮತ್ತೆ ಒಂದಾಗಬಹುದು. ಹನಿಗಳು ಒಂದರೊಳಗೊಂದು ಸೇರಿ ಎಣ್ಣೆಯ ಪದರವೇ ಆಗಿಬಿಟ್ಟರೆ ಕಲಕಿ ಪ್ರಯೋಜನವಿಲ್ಲ.

ಹನಿಗಳು ಹಾಗೆ ಸೇರಿಕೊಳ್ಳದಂತೆ ಅವುಗಳ ಸುತ್ತ ಹೊದಿಕೆಯಾಗಿ ನಿಲ್ಲುವುದು ಎಮಲ್ಸಿಫೈಯರ್. ಇಲ್ಲಿ ಬಹಳ ಮಂದಿಯಲ್ಲಿರುವ ಒಂದು ನಂಬಿಕೆಯನ್ನು ತಿದ್ದಬೇಕಾಗಿದೆ. ಜೇನುಮೇಣ ತಾನೇ ಎಮಲ್ಸಿಫೈಯರ್ ಅಲ್ಲ. ಎರಡನೆಯ ಶತಮಾನದ ಗ್ರೀಕ್ ವೈದ್ಯ ಗೇಲನ್ ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರನ್ನು ಬೆರೆಸಿ ಮಾಡಿದ ಕೋಲ್ಡ್ ಕ್ರೀಮಿನಲ್ಲಿ ನೀರು ಬೇಗ ಬೇರೆಯಾಗುತ್ತಿತ್ತು. ಬಹಳ ಕಾಲದ ನಂತರ ಅದಕ್ಕೆ ಬಿಳಿಗಾರ, ಅಂದರೆ ಬೋರಾಕ್ಸ್, ಸೇರಿಸಿದ ಮೇಲೆ ಮೇಣದಲ್ಲಿರುವ ಕೊಬ್ಬಿನಾಮ್ಲ ಸಾಬೂನಾಗಿ ಮಾರ್ಪಟ್ಟು ಮಿಶ್ರಣ ಹಿಡಿದು ನಿಂತಿತು. ಇಂದಿಗೂ ಜೇನುಮೇಣ, ಕೊಬ್ಬರಿ ಎಣ್ಣೆ ಮತ್ತು ಲೋಳೆಸರದ ತಿರುಳನ್ನು ಸೇರಿಸಿ ಕಡೆದು ‘ಕ್ರೀಮು ಆಯಿತು’ ಎನ್ನುವವರಿದ್ದಾರೆ. ಅದು ಆ ದಿನ ಕ್ರೀಮಿನಂತೆ ಕಾಣುವುದು ನಿಜ, ಏಕೆಂದರೆ ಗಟ್ಟಿಯಾದ ಮೇಣದ ನಡುವೆ ನೀರಿನ ಹನಿಗಳು ಸಿಕ್ಕಿಕೊಂಡಿರುತ್ತವೆ. ಮೇಣ ಮೆತ್ತಗಾಗುವಷ್ಟು ಸೆಕೆ ಬಂದೊಡನೆ ಅವು ಬಿಡುಗಡೆಯಾಗುತ್ತವೆ. ನಿಜವಾದ ಕ್ರೀಮು ಬೇಕಿದ್ದರೆ ಎಮಲ್ಸಿಫೈಯಿಂಗ್ ವ್ಯಾಕ್ಸ್‌ನಂಥ ವಸ್ತು ಬೇಕೇಬೇಕು. ಸ್ಥೂಲವಾಗಿ ಎಣ್ಣೆಯ ಭಾಗದ ತೂಕದ ಕಾಲು ಪಾಲಿನಷ್ಟು ಅದನ್ನು ಬಳಸುವುದು ವಾಡಿಕೆ. ಯಾವ ಎಣ್ಣೆಗೆ ಯಾವ ಎಮಲ್ಸಿಫೈಯರ್ ಹೊಂದುತ್ತದೆ ಎಂಬುದನ್ನು ಅಂಕಿಯಲ್ಲಿ ಅಳೆಯುವ ಎಚ್‌ಎಲ್‌ಬಿ ಪದ್ಧತಿಯನ್ನು ವಿಲಿಯಂ ಗ್ರಿಫಿನ್ 1949ರಲ್ಲಿ ರೂಪಿಸಿದರು. ಸಾಮಗ್ರಿ ಮಾರುವವರು ಕೊಡುವ ವಿವರದ ಹಾಳೆಯಲ್ಲಿ ಆ ಅಂಕಿ ಇರುತ್ತದೆ, ಕೇಳಿ ಪಡೆಯಿರಿ.

ಬಿಸಿಲ ನಾಡಿನವರು ತಿಳಿದಿರಬೇಕಾದ ಇನ್ನೊಂದು ಸೂಕ್ಷ್ಮವಿದೆ. ಪಾಲಿಸಾರ್ಬೇಟ್ ಜಾತಿಯ ಎಮಲ್ಸಿಫೈಯರ್‌ಗಳು ತಾಪ ಏರಿದಂತೆ ನೀರಿನ ಮೇಲಿನ ಹಿಡಿತವನ್ನು ಸಡಿಲಿಸಿ ಎಣ್ಣೆಯ ಕಡೆಗೆ ವಾಲುತ್ತವೆ. ಒಂದು ಹಂತದ ಉಷ್ಣತೆಯಲ್ಲಿ ಮಿಶ್ರಣ ಒಳಹೊರಗಾಗಿ, ನೀರಿನಲ್ಲಿ ಎಣ್ಣೆ ಇದ್ದದ್ದು ಎಣ್ಣೆಯಲ್ಲಿ ನೀರು ಆಗಬಹುದು. ಜಪಾನಿನ ಕೋಜೊ ಶಿನೋಡಾ 1960ರ ದಶಕದಲ್ಲಿ ಇದನ್ನು ವಿವರವಾಗಿ ಅಧ್ಯಯನ ಮಾಡಿದರು. ಆ ಉಷ್ಣತೆ ನಿಮ್ಮ ಕೋಣೆಯ ಬೇಸಿಗೆಯ ತಾಪಕ್ಕೆ ಹತ್ತಿರವಿದ್ದಷ್ಟೂ ಕ್ರೀಮು ದುರ್ಬಲ. ಹಾಗಾಗಿ ಒಂದೇ ಎಮಲ್ಸಿಫೈಯರ್ ಅನ್ನು ನಂಬುವುದಕ್ಕಿಂತ, ಎಮಲ್ಸಿಫೈಯಿಂಗ್ ವ್ಯಾಕ್ಸಿನ ಜೊತೆಗೆ ಗ್ಲಿಸರಿಲ್ ಸ್ಟಿಯರೇಟ್‌ನಂಥ ಇನ್ನೊಂದನ್ನು ಸೇರಿಸುವುದು ಲೇಸು.

ಗಟ್ಟಿತನಕ್ಕೂ ಇದೇ ವಿವೇಕ ಅನ್ವಯಿಸುತ್ತದೆ. ಕ್ರೀಮಿಗೆ ಗಟ್ಟಿತನ ಕೊಡುವ ಮೇಣದಂಥ ವಸ್ತುಗಳಲ್ಲಿ ಸೀಟೈಲ್ ಆಲ್ಕೊಹಾಲ್ ಸುಮಾರು 49 ಡಿಗ್ರಿಗೆ ಕರಗುತ್ತದೆ, ಸ್ಟಿಯರೈಲ್ ಆಲ್ಕೊಹಾಲ್ ಸುಮಾರು 59ಕ್ಕೆ. 43 ಡಿಗ್ರಿಯ ಮಧ್ಯಾಹ್ನಗಳನ್ನು ಕಾಣುವ ಊರಿನಲ್ಲಿ ಇವೆರಡರ ಮಿಶ್ರಣವಾದ ಸೀಟೋಸ್ಟಿಯರೈಲ್ ಅನ್ನೇ ಆರಿಸಿಕೊಳ್ಳಬೇಕು. ಅದಕ್ಕಿಂತಲೂ ಉಪಯುಕ್ತವಾದದ್ದು ನೀರನ್ನು ಮಂದವಾಗಿಸುವ ಅಂಟಿನ ಪುಡಿಯಾದ ಜಾಂತನ್ ಗಮ್. ಮೇಣಗಳು ಕೊಡುವ ಗಟ್ಟಿತನ ಸೆಕೆಯಲ್ಲಿ ಇಳಿದುಹೋದರೂ ಜಾಂತನ್ ನೀರಿಗೆ ಕೊಡುವ ಮಂದತೆ ತಾಪದೊಂದಿಗೆ ಅಷ್ಟಾಗಿ ಬದಲಾಗುವುದಿಲ್ಲ. ಒಟ್ಟು ತೂಕದ ಶೇ. 0.2ರಿಂದ 0.4ರಷ್ಟು ಸಾಕು, ಮೊದಲು ಗ್ಲಿಸರಿನ್‌ನಲ್ಲಿ ಕದಡಿಕೊಂಡು ಆಮೇಲೆ ನೀರಿಗೆ ಹಾಕಿದರೆ ಗಂಟು ಕಟ್ಟುವುದಿಲ್ಲ. ಸೆಕೆಯ ಊರಿನ ಕ್ರೀಮಿಗೆ ಒಂದೇ ಒಂದು ವಸ್ತುವನ್ನು ಹೊಸದಾಗಿ ಸೇರಿಸುವುದಾದರೆ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇದನ್ನೇ ಸೂಚಿಸುತ್ತೇನೆ.

ಮಾಡುವ ಕ್ರಮದಲ್ಲಿ ಎಣ್ಣೆಯ ಭಾಗವನ್ನೂ ನೀರಿನ ಭಾಗವನ್ನೂ ಬೇರೆ ಬೇರೆ ಪಾತ್ರೆಗಳಲ್ಲಿ 70ರಿಂದ 75 ಡಿಗ್ರಿಗೆ ತಂದು ಕೂಡಿಸಬೇಕು. ಒಂದು ಬಿಸಿ, ಒಂದು ತಣ್ಣಗೆ ಇದ್ದರೆ ಮೇಣ ಅಲ್ಲೇ ಹರಳುಗಟ್ಟುತ್ತದೆ. ಕಡೆಗೋಲಿನಿಂದ ಅಥವಾ ಚಮಚದಿಂದ ಕಲಕಿದಾಗ ಹನಿಗಳು ದಪ್ಪವಾಗಿಯೇ ಉಳಿಯುತ್ತವೆ; ಹ್ಯಾಂಡ್ ಬ್ಲೆಂಡರ್ ಅನ್ನು ದ್ರವದೊಳಗೆ ಪೂರ್ತಿ ಮುಳುಗಿಸಿ, ಗಾಳಿ ಎಳೆದುಕೊಳ್ಳದಂತೆ ಓಡಿಸಬೇಕು. ಆಮೇಲೆ 40 ಡಿಗ್ರಿಗೆ ಇಳಿಯುವವರೆಗೂ ನಿಧಾನವಾಗಿ ಕೈಯಾಡಿಸುತ್ತಲೇ ಇರಬೇಕು. ಕಾಯಿಸುವಾಗ ಆವಿಯಾದ ನೀರನ್ನು ತೂಕ ನೋಡಿ ಮತ್ತೆ ತುಂಬಬೇಕು ಎಂಬುದನ್ನು ಮರೆಯುವವರೇ ಹೆಚ್ಚು.

ಗಟ್ಟಿ ತುಪ್ಪಗಳದು, ಅಂದರೆ ಬೀಜಗಳಿಂದ ತೆಗೆದ ಗಟ್ಟಿ ಕೊಬ್ಬುಗಳದು, ಇನ್ನೊಂದು ಸಮಸ್ಯೆ. ಉತ್ತರ ಕನ್ನಡ ಮತ್ತು ಮಲೆನಾಡಿನ ಮನೆಗಳಲ್ಲಿ ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲ ತುಪ್ಪ ಸುಮಾರು 38ರಿಂದ 42 ಡಿಗ್ರಿಯ ನಡುವೆ ಕರಗುತ್ತದೆ. ಕೊಬ್ಬರಿ ಎಣ್ಣೆ 24–25ಕ್ಕೇ ಕರಗುತ್ತದೆ, ಕೋಕೋ ತುಪ್ಪ 34ರಿಂದ 38ಕ್ಕೆ. ಅಂದರೆ ಇಲ್ಲಿನ ಹಗಲಿನಲ್ಲಿ ಕೋಕೋ ತುಪ್ಪ ನೀರಾಗಿ, ರಾತ್ರಿ ನಿಧಾನವಾಗಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನವೂ ನಡೆದಾಗ ಬೇಗ ಗಟ್ಟಿಯಾಗುವ ಅಂಶಗಳು ಬೇರೆಯಾಗಿ ಹರಳುಗಳಾಗುತ್ತವೆ. ಬೆರಳಿನಲ್ಲಿ ತಿಕ್ಕಿದಾಗ ತರಿತರಿಯಾಗಿ ಸಿಗುವುದು ಅದೇ. ಇದು ಹಾನಿಕರವಲ್ಲ. ಪೂರ್ತಿ ಕರಗಿಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸುತ್ತ ಕಲಕಿದರೆ ನುಣುಪು ಮರಳುತ್ತದೆ. ಆದರೂ ಹಗಲಿನ ತಾಪ ಹಾಗೇ ಇರುವವರೆಗೆ ಅದು ಮರುಕಳಿಸುತ್ತದೆ ಎಂಬುದನ್ನು ನೆನಪಿನಲ್ಲಿಡಿ.

ಎರಡನೆಯ ಕೆಡುಕು ಕಮಟು. ಎಣ್ಣೆಯ ಕೊಬ್ಬಿನಾಮ್ಲಗಳಿಗೆ ಗಾಳಿಯ ಆಮ್ಲಜನಕ ಸೇರಿ ನಡೆಯುವ ಸರಣಿ ಕ್ರಿಯೆ ಇದು. ಉಷ್ಣತೆ 10 ಡಿಗ್ರಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಎರಡು ಪಟ್ಟಾಗುತ್ತದೆ ಎಂಬ ಸ್ಥೂಲ ಲೆಕ್ಕವನ್ನು ಹಿಡಿದರೆ, 25 ಡಿಗ್ರಿಯಲ್ಲಿ ಎಂಟು ತಿಂಗಳು ಬಾಳುವ ಎಣ್ಣೆ 45ರಲ್ಲಿ ಎರಡೇ ತಿಂಗಳು ಬಾಳಬಹುದು. ಇದರ ಸ್ವಭಾವವೆಂದರೆ, ಮೊದಲು ಬಹಳ ಕಾಲ ಏನೂ ಆಗದಂತೆ ಕಾಣುತ್ತದೆ. ಎಣ್ಣೆಯಲ್ಲಿ ಸಹಜವಾಗಿರುವ ರಕ್ಷಕ ಅಂಶಗಳು ಖರ್ಚಾದ ಮೇಲೆ ಏಕಾಏಕಿ ವಾಸನೆ ಬರುತ್ತದೆ. ವಿಟಮಿನ್ ಇ ಸೇರಿಸುವುದು ಆ ಮೊದಲ ಅವಧಿಯನ್ನು ಉದ್ದ ಮಾಡಲಿಕ್ಕೆ. ಆದ್ದರಿಂದ ಅದನ್ನು ಎಣ್ಣೆ ತಾಜಾ ಇರುವಾಗಲೇ ಸೇರಿಸಬೇಕು. ಕಮಟು ಶುರುವಾದ ಎಣ್ಣೆಯನ್ನು ಅದು ಸರಿಮಾಡಲಾರದು.

ಇಲ್ಲಿ ನಮ್ಮ ಪ್ರದೇಶದ ಬೆಳೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕುಸುಬೆ ಎಣ್ಣೆ ಚರ್ಮಕ್ಕೆ ಹಗುರ, ಬೇಗ ಹೀರಿಕೊಳ್ಳುತ್ತದೆ, ಕೈಗೆಟಕುವ ದೂರದಲ್ಲೇ ಸಿಗುತ್ತದೆ. ಆದರೆ ಸಾಮಾನ್ಯ ತಳಿಯ ಕುಸುಬೆಯ ಎಣ್ಣೆಯಲ್ಲಿ ಮುಕ್ಕಾಲು ಪಾಲಿನಷ್ಟು ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲವಿದ್ದು, ಗಾಳಿ ಮತ್ತು ಸೆಕೆಗೆ ಅದು ಬೇಗ ಸೋಲುತ್ತದೆ. ಸೂರ್ಯಕಾಂತಿಯದೂ ಅದೇ ಗುಣ. ಎಳ್ಳೆಣ್ಣೆಯಲ್ಲಿಯೂ ಲಿನೋಲಿಕ್ ಸಾಕಷ್ಟಿದೆ. ಆದರೂ ಅದರಲ್ಲಿ ಸಹಜವಾಗಿರುವ ಸೆಸಮಾಲ್ ಮೊದಲಾದ ಅಂಶಗಳಿಂದಾಗಿ ಅದು ಗಮನಾರ್ಹವಾಗಿ ತಡೆದುಕೊಳ್ಳುತ್ತದೆ. ಕೊಬ್ಬರಿ ಎಣ್ಣೆ ಮತ್ತು ಹರಳೆಣ್ಣೆ ಕಮಟನ್ನು ಇನ್ನೂ ಚೆನ್ನಾಗಿ ತಡೆದುಕೊಳ್ಳುತ್ತವೆ. ಕುಸುಬೆ ಎಣ್ಣೆಯನ್ನು ಬಿಟ್ಟೇಬಿಡಿ ಎಂದು ನಾನು ಹೇಳುವುದಿಲ್ಲ. ಬೇಸಿಗೆಯ ಕ್ರೀಮಿನಲ್ಲಿ ಅದು ಎಣ್ಣೆ ಭಾಗದ ಸಣ್ಣ ಪಾಲಾಗಿರಲಿ, ಹೊಸ ಗಾಣದ್ದಾಗಿರಲಿ, ಗಸಿ ಇಳಿದು ತಿಳಿಯಾದದ್ದಾಗಿರಲಿ. ಜೊತೆಗೆ, ತಾಮ್ರ ಮತ್ತು ಕಬ್ಬಿಣ ಈ ಕ್ರಿಯೆಗೆ ಕುಮ್ಮಕ್ಕು ಕೊಡುತ್ತವೆ. ಕುಡಿಯುವ ನೀರಿಗೆ ತಾಮ್ರದ ಪಾತ್ರೆ ಒಳ್ಳೆಯದೆಂಬ ನಂಬಿಕೆಯಿಂದ ಕ್ರೀಮನ್ನೂ ಅದರಲ್ಲೇ ಕಡೆಯಬಾರದು. ಸ್ಟೀಲು ಅಥವಾ ಗಾಜು ಮಾತ್ರ. ಡಬ್ಬಿ ಕಂದು ಗಾಜಿನದಾಗಿರಲಿ, ಮತ್ತು ಸಣ್ಣದಾಗಿರಲಿ, ಏಕೆಂದರೆ ಅರ್ಧ ಖಾಲಿಯಾದ ದೊಡ್ಡ ಡಬ್ಬಿಯಲ್ಲಿ ಉಳಿದರ್ಧ ಗಾಳಿಯೇ.

ಈಗ ಮೂರನೆಯ ಕೆಡುಕಿಗೆ, ಅಂದರೆ ಸೂಕ್ಷ್ಮಜೀವಿಗಳ ವಿಷಯಕ್ಕೆ ಬರುತ್ತೇನೆ. ವಿಟಮಿನ್ ಇ ಎಣ್ಣೆಯನ್ನು ಕಾಯುತ್ತದೆ, ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ. ನಾಲ್ಕು ಹನಿ ಟೀ ಟ್ರೀ ಎಣ್ಣೆ, ಚಿಟಿಕೆ ಅರಿಸಿನ, ಬೇವಿನ ಕಷಾಯ ಇವು ಯಾವುವೂ ನೀರಿರುವ ಕ್ರೀಮನ್ನು ಕಾಪಾಡುವಷ್ಟು ಸಾಲವು. ಕಷಾಯವಂತೂ ಸೂಕ್ಷ್ಮಜೀವಿಗಳಿಗೆ ಆಹಾರವನ್ನೇ ಒದಗಿಸುತ್ತದೆ. ಗಿಡದಿಂದ ಆಗತಾನೇ ಕೊಯ್ದ ಲೋಳೆಸರ, ಹಾಲಿನ ಕೆನೆ, ಸೌತೆಕಾಯಿ ರಸ, ಜೇನು ಬೆರೆಸಿದ ನೀರು ಇವುಗಳನ್ನು ಆ ಹೊತ್ತಿಗೆ ಕಲಸಿ ಮುಖಕ್ಕೆ ಹಚ್ಚಿ ತೊಳೆಯುವುದು ಬೇರೆ, ಕ್ರೀಮಿನಲ್ಲಿ ಸೇರಿಸಿ ಸೆಕೆಯ ಕೋಣೆಯಲ್ಲಿ ವಾರಗಟ್ಟಲೆ ಇಡುವುದು ಬೇರೆ. 30ರಿಂದ 37 ಡಿಗ್ರಿ ಎಂದರೆ ನಮ್ಮ ಚರ್ಮಕ್ಕೆ, ಕಣ್ಣಿಗೆ ಸೋಂಕು ತರಬಲ್ಲ ಸ್ಟೆಫೈಲೊಕಾಕಸ್, ಸೂಡೊಮೊನಾಸ್ ಮೊದಲಾದ ಬ್ಯಾಕ್ಟೀರಿಯಾಗಳಿಗೆ ಬಲು ಇಷ್ಟದ ತಾಪ. ಕಣ್ಣಿನ ಸುತ್ತ ಹಚ್ಚುವ ಕ್ರೀಮಿನ ವಿಷಯದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲೇಬಾರದು.

ಸೂಕ್ಷ್ಮಜೀವಿಗಳು ಬೆಳೆಯದಂತೆ ತಡೆಯುವ ಸಂರಕ್ಷಕ ಹಾಕಿದೆವು ಎಂದ ಮಾತ್ರಕ್ಕೂ ಕೆಲಸ ಮುಗಿಯುವುದಿಲ್ಲ. ಉಪ್ಪಿನಕಾಯಿ, ಶರಬತ್ತುಗಳಿಂದ ನಮಗೆ ಪರಿಚಯವಿರುವ ಸೋಡಿಯಂ ಬೆಂಜೊಯೇಟನ್ನೇ ಕ್ರೀಮಿಗೂ ಬಳಸುವವರಿದ್ದಾರೆ. ಆ ವಸ್ತು ಕೆಲಸ ಮಾಡುವುದು ಹುಳಿಯ ವಾತಾವರಣದಲ್ಲಿ, ಬೆಂಜೊಯಿಕ್ ಆಮ್ಲದ ರೂಪದಲ್ಲಿದ್ದಾಗ. ಹುಳಿ-ಕ್ಷಾರವನ್ನು ಅಳೆಯುವ ಪಿಎಚ್ ಅಂಕಿ (ಕಡಿಮೆಯಾದಷ್ಟೂ ಹುಳಿ ಹೆಚ್ಚು) 4.2 ಇದ್ದರೆ ಅದರ ಅರ್ಧ ಭಾಗ ಆ ರೂಪದಲ್ಲಿರುತ್ತದೆ, 5.2ರಲ್ಲಿ ಸುಮಾರು ಶೇ. 9, 6.2ರಲ್ಲಿ ಶೇ. 1. ಜೇನುಮೇಣ ಮತ್ತು ಬಿಳಿಗಾರದ ಕೋಲ್ಡ್ ಕ್ರೀಮಾಗಲಿ, ಸ್ಟಿಯರಿಕ್ ಆಮ್ಲ ಮತ್ತು ಕ್ಷಾರದ ವ್ಯಾನಿಷಿಂಗ್ ಕ್ರೀಮಾಗಲಿ ಸಾಬೂನಿನ ಆಧಾರದ ಮೇಲೆ ನಿಂತಿರುವುದರಿಂದ ಅವುಗಳ ಪಿಎಚ್ 8ರ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಕೆಲಸಕ್ಕೆ ಬರುವ ಭಾಗ ಶೇ. 0.02ರಷ್ಟೂ ಇರುವುದಿಲ್ಲ. ಹಾಕಿಯೂ ಹಾಕದಂತೆಯೇ ಸರಿ. ಅಂಥ ಕ್ರೀಮಿಗೆ ನಿಂಬೆರಸ ಹಿಂಡಿ ಪಿಎಚ್ ಇಳಿಸಲು ಹೋದರೆ ಸಾಬೂನು ಮುರಿದು ಕ್ರೀಮೇ ಒಡೆಯುತ್ತದೆ. ಹಾಗಾಗಿ ಪಿಎಚ್ ವ್ಯಾಪ್ತಿ ದೊಡ್ಡದಿರುವ ಫೀನಾಕ್ಸಿಎಥನಾಲ್ ಆಧಾರಿತ ಸಂರಕ್ಷಕಗಳು ಮನೆಯ ತಯಾರಿಕೆಗೆ ಹೆಚ್ಚು ಸೂಕ್ತ. ಫೀನಾಕ್ಸಿಎಥನಾಲ್‌ನ ಮಿತಿ ಒಟ್ಟು ತೂಕದ ಶೇ. 1. ಬೂಷ್ಟಿನ ಮೇಲೆ ಅದರ ಹಿಡಿತ ತುಸು ಕಡಿಮೆಯಾದ್ದರಿಂದ ಎಥೈಲ್‌ಹೆಕ್ಸೈಲ್‌ಗ್ಲಿಸರಿನ್‌ನಂಥ ಜೊತೆಗಾರನೊಡನೆ ಸಿದ್ಧ ಮಿಶ್ರಣವಾಗಿ ಸಿಗುವುದನ್ನು ಕೊಳ್ಳಿ. 0.1 ಗ್ರಾಂ ತೋರಿಸುವ ತಕ್ಕಡಿ ಮತ್ತು ಪಿಎಚ್ ಪಟ್ಟಿಗಳಿಲ್ಲದೆ ನೀರಿರುವ ಕ್ರೀಮು ಮಾಡಬೇಡಿ ಎಂದು ನಾನು ಒತ್ತಿ ಹೇಳುತ್ತೇನೆ. ಹನಿಗಳ ಲೆಕ್ಕ, ಚಮಚದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒಂದು ಸಣ್ಣ ಸಂಗತಿಯನ್ನು ಹತ್ತಿರದಿಂದ ನೋಡೋಣ. ಕ್ರೀಮು ಇನ್ನೂ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿ ಮುಚ್ಚಳ ಬಿಗಿದರೆ, ಆವಿ ಮೇಲೇರಿ ಮುಚ್ಚಳದ ಒಳಮೈಯಲ್ಲಿ ಹನಿಹನಿಯಾಗಿ ನಿಲ್ಲುತ್ತದೆ. ಆ ಹನಿ ಬರೀ ನೀರು, ಅದರಲ್ಲಿ ಸಂರಕ್ಷಕವಿಲ್ಲ. ಅದು ಜಾರಿ ಕ್ರೀಮಿನ ಅಂಚಿಗೆ ಬಿದ್ದ ಜಾಗದಲ್ಲಿ ಸಂರಕ್ಷಕದ ಪ್ರಮಾಣ ತೆಳುವಾಗಿ, ಬೂಷ್ಟಿನ ಮೊದಲ ಚುಕ್ಕೆ ಅಲ್ಲೇ ಮೂಡುತ್ತದೆ: ಡಬ್ಬಿಯ ಕುತ್ತಿಗೆಯ ಒಳಸುತ್ತಿನಲ್ಲಿ, ಮುಚ್ಚಳದ ತಿರುಪಿನ ಸಂದಿಯಲ್ಲಿ. ಬೇಸಿಗೆಯಲ್ಲಿ ಹಗಲು ಕಾದು ರಾತ್ರಿ ತಣಿಯುವ ಡಬ್ಬಿಯೊಳಗೂ ಇದು ಪ್ರತಿದಿನ ನಡೆಯುತ್ತದೆ. ಆದ್ದರಿಂದ ಪೂರ್ತಿ ತಣಿದ ಮೇಲೆ ತುಂಬಿ, ಮೇಲೆ ಖಾಲಿ ಜಾಗ ಬಿಡದೆ ತುಂಬಿ, ಕುದಿಸಿ ಸಂಪೂರ್ಣ ಒಣಗಿಸಿದ ಡಬ್ಬಿಯಲ್ಲಿ ತುಂಬಿ. ಬೆರಳು ಹಾಕುವ ಅಗಲ ಬಾಯಿಯ ಡಬ್ಬಿಗಿಂತ ಟ್ಯೂಬು ಅಥವಾ ಪಂಪಿನ ಬಾಟಲಿ ಎಷ್ಟೋ ಮೇಲು. ಚುಕ್ಕೆ ಕಂಡರೆ ಅಷ್ಟನ್ನೇ ಕೆರೆದು ತೆಗೆದು ಉಳಿದದ್ದನ್ನು ಬಳಸಬಾರದು, ಎಲ್ಲವನ್ನೂ ಎಸೆಯಬೇಕು.

ಇಷ್ಟೆಲ್ಲ ಕೇಳಿದ ಮೇಲೆ ನಿಮ್ಮಲ್ಲಿ ಕೆಲವರಿಗೆ ನೀರಿನ ಗೊಡವೆಯೇ ಬೇಡ ಎನಿಸಿದ್ದರೆ, ಹೊಸದಾಗಿ ಆರಂಭಿಸುವವರಿಗೆ ನನ್ನ ಸಲಹೆಯೂ ಅದೇ. ಎಣ್ಣೆ, ತುಪ್ಪ, ಮೇಣಗಳಷ್ಟೇ ಇರುವ ಮುಲಾಮಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ಬೇಕಾದ ನೀರೇ ಇಲ್ಲ, ಒಡೆಯಲು ಎರಡು ಭಾಗಗಳೂ ಇಲ್ಲ, ತಡೆಯಬೇಕಾದದ್ದು ಕಮಟೊಂದನ್ನೇ. ಇದರ ಗಟ್ಟಿತನ ಮಾತ್ರ 62ರಿಂದ 65 ಡಿಗ್ರಿಗೆ ಕರಗುವ ಜೇನುಮೇಣದಿಂದ ಬರಬೇಕು, ತುಪ್ಪಗಳಿಂದಲ್ಲ. ಚಳಿಗಾಲದಲ್ಲಿ ಐದರಲ್ಲೊಂದು ಪಾಲು ಮೇಣವಿದ್ದರೆ ಬೇಸಿಗೆಗೆ ನಾಲ್ಕರಲ್ಲೊಂದು ಪಾಲಿಗೆ ಏರಿಸಿ. ಒದ್ದೆ ಬೆರಳು ಹಾಕುವುದನ್ನು ಇಲ್ಲಿಯೂ ತಪ್ಪಿಸಬೇಕು. ಬಿಸಿಲು ತಡೆಯುವ ಸನ್‌ಸ್ಕ್ರೀನನ್ನು ಮಾತ್ರ ಯಾವ ರೂಪದಲ್ಲಿಯೂ ಮನೆಯಲ್ಲಿ ಮಾಡಬೇಡಿ; ಅದು ಎಷ್ಟು ಕಾಪಾಡುತ್ತದೆ ಎಂದು ಅಳೆಯುವ ಸಾಧನ ಮನೆಯಲ್ಲಿಲ್ಲ.

ಪರೀಕ್ಷೆಯ ಬಗ್ಗೆ ಎರಡು ಮಾತು. ಹೊಸ ಸೂತ್ರದ ಕ್ರೀಮನ್ನು ಮೂರು ಪಾರದರ್ಶಕ ಗಾಜಿನ ಶೀಶೆಗಳಲ್ಲಿ ತುಂಬಿ, ಒಂದನ್ನು ಕೋಣೆಯಲ್ಲಿ, ಒಂದನ್ನು ಮನೆಯ ಅತಿ ಬಿಸಿ ಜಾಗದಲ್ಲಿ ಉಷ್ಣಮಾಪಕದ ಜೊತೆಗೆ ಇಡಿ. ಮೂರನೆಯದನ್ನು ಒಂದು ದಿನ ಫ್ರಿಜ್ಜಿನಲ್ಲಿ, ಒಂದು ದಿನ ಬಿಸಿ ಜಾಗದಲ್ಲಿ ಹೀಗೆ ತಿರುಗಿಸುತ್ತಾ ಬನ್ನಿ. ತಳದಲ್ಲಿ ನೀರಿನ ಗೆರೆ, ಅಂಚಿನಲ್ಲಿ ಎಣ್ಣೆಯ ಮಣಿ, ಬಣ್ಣ, ವಾಸನೆ, ಪಿಎಚ್ ಇವುಗಳನ್ನು ದಿನಾಂಕದೊಂದಿಗೆ ಬರೆದಿಡಿ. ಚರ್ಮದ ಕ್ರೀಮುಗಳಿಗೆ ಇರುವ ಭಾರತೀಯ ಮಾನಕ ಐಎಸ್ 6608ರಲ್ಲಿ, ಬೀಕರಿನ ಒಳಗೋಡೆಗೆ ಕ್ರೀಮಿನ ಪಟ್ಟಿ ಹಚ್ಚಿ 37 ಡಿಗ್ರಿಯ ತೇವದ ಪೆಟ್ಟಿಗೆಯಲ್ಲಿ 8 ಗಂಟೆ ಇಟ್ಟು ಎಣ್ಣೆ ಬೇರೆಯಾಗುತ್ತದೆಯೇ ಎಂದು ನೋಡುವ ಪರೀಕ್ಷೆಯಿದೆ. ನಮ್ಮ ಬೇಸಿಗೆ ಅದಕ್ಕಿಂತ ಕಠಿಣ ಪರೀಕ್ಷೆ. ಸೂಕ್ಷ್ಮಜೀವಿಗಳ ಪರೀಕ್ಷೆ ಮಾತ್ರ ಮನೆಯಲ್ಲಿ ಆಗದು, ಅದಕ್ಕೆ ಪ್ರಯೋಗಾಲಯವೇ ಬೇಕು. ಮಾರಾಟಕ್ಕೆಂದು ತಯಾರಿಸುವವರು 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಪರವಾನಗಿ ಪಡೆಯಬೇಕಾಗುತ್ತದೆ ಎಂಬುದೂ ತಿಳಿದಿರಲಿ.

ಉಪನ್ಯಾಸದ ಬಳಿಕ ಒಬ್ಬ ತಾಯಿ, ‘ಇಷ್ಟೆಲ್ಲ ಯಾಕ್ರೀ, ಫ್ರಿಜ್ಜಿನ್ಯಾಗ ಇಟ್ರ ಆಗೂದಿಲ್ಲೇನ್ರಿ?’ ಎಂದು ಕೇಳಿದರು. ಫ್ರಿಜ್ಜು ಮೂರೂ ಕೆಡುಕುಗಳನ್ನು ನಿಧಾನಗೊಳಿಸುತ್ತದೆ, ಯಾವುದನ್ನೂ ನಿಲ್ಲಿಸುವುದಿಲ್ಲ. ಸಂರಕ್ಷಕವಿಲ್ಲದ ನೀರಿನ ಕ್ರೀಮನ್ನು ಅಲ್ಲಿಟ್ಟರೂ ಕೆಲವೇ ದಿನಗಳಲ್ಲಿ ಬಳಸಿ ಮುಗಿಸಬೇಕು. ದಿನಕ್ಕೆರಡು ಸಲ ಹೊರತೆಗೆದು ಒಳಗಿಟ್ಟರೆ ಮುಚ್ಚಳದಲ್ಲಿ ನೀರು ಕಟ್ಟುತ್ತದೆ. ಆದ್ದರಿಂದ ದೊಡ್ಡ ಪ್ರಮಾಣವನ್ನು ಫ್ರಿಜ್ಜಿನಲ್ಲಿಟ್ಟು, ಒಂದೆರಡು ವಾರಕ್ಕೆ ಸಾಲುವಷ್ಟನ್ನು ಸಣ್ಣ ಟ್ಯೂಬಿಗೆ ತುಂಬಿ ಹೊರಗಿಟ್ಟುಕೊಳ್ಳುವುದು ಒಳ್ಳೆಯ ಕ್ರಮ. ಫ್ರಿಜ್ಜಿಲ್ಲದವರು ಒದ್ದೆ ಮರಳಿನ ನಡುವೆ ಇಟ್ಟ ಮಣ್ಣಿನ ಗಡಿಗೆಯಲ್ಲಿ, ಬಿಗಿ ಮುಚ್ಚಳದ ಡಬ್ಬಿಯೊಳಗೆ ಕ್ರೀಮನ್ನು ಇಡಬಹುದು. ನಮ್ಮ ಒಣ ಸೆಕೆಯಲ್ಲಿ ನೀರು ಬೇಗ ಆರುವುದರಿಂದ ಗಡಿಗೆ ಚೆನ್ನಾಗಿ ತಣ್ಣಗಾಗುತ್ತದೆ. ಮಂಗಳೂರು, ಕಾರವಾರದ ತೇವದ ಗಾಳಿಯಲ್ಲಿ ಅದೇ ಉಪಾಯ ಅಷ್ಟಾಗಿ ಫಲಿಸುವುದಿಲ್ಲ. ಅಲ್ಲಿನವರು ನೆಲಮಟ್ಟದ, ಗಾಳಿಯಾಡುವ ಒಳಕೋಣೆಯ ಕಪಾಟನ್ನು ಆರಿಸಿ, ಸಣ್ಣ ಪ್ರಮಾಣದಲ್ಲಿ ಮೇಲಿಂದ ಮೇಲೆ ಮಾಡಿಕೊಳ್ಳಬೇಕು.

ಪರವಾನಗಿ ಪಡೆದು ತಯಾರಿಸುವ ಇನ್ನೊಬ್ಬರು ಮೇ ತಿಂಗಳಲ್ಲಿ ಕೊರಿಯರ್ ಮೂಲಕ ಕಳುಹಿಸುವುದು ಹೇಗೆಂದು ಕೇಳಿದರು. ಲಾರಿಯ ಪೆಟ್ಟಿಗೆಯೊಳಗಿನ ತಾಪ ನಮ್ಮ ಹಿಡಿತದಲ್ಲಿಲ್ಲ. ನೀರಿನ ಕ್ರೀಮನ್ನು ಏಪ್ರಿಲ್ ಮತ್ತು ಮೇ ಎರಡೂ ತಿಂಗಳು ದೂರದ ಊರುಗಳಿಗೆ ಕಳುಹಿಸದಿರುವುದೇ ಸರಿ ಎಂದು ನಾನು ಉತ್ತರಿಸಿದೆ. ಕಳುಹಿಸಲೇಬೇಕಾದರೆ ಮೇಣ ಹೆಚ್ಚಿಸಿದ ಮುಲಾಮನ್ನು ತಿರುಪಿನ ಮುಚ್ಚಳದ ತಗಡಿನ ಡಬ್ಬಿಯಲ್ಲಿ, ಸೋರದಂತೆ ಒಳಮುಚ್ಚಳ ಹಾಕಿ ಕಳುಹಿಸಿ. ಕರಗಿ ಬಂದರೆ ಪೂರ್ತಿ ಕರಗಿಸಿ ತಣ್ಣೀರಿನಲ್ಲಿಟ್ಟು ಆರಿಸಬಹುದೆಂದೂ, ವಾಸನೆ ಬದಲಾಗಿದ್ದರೆ ಬಳಸಬಾರದೆಂದೂ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಒಳಗಿಡಿ.